ಗೂಬೆಗೆ ರಜೆ ಕೊಡಿ

ಕಪ್ಪುಹಲಗೆಯ ಮೇಲೆ ‘ಕತೆಯ ಭಾವ, ಚಿತ್ರಣ’ ಎಂದು ಬರೆದರೆ ಚನ್ನಪಟ್ಟಣದ ಹೈಸ್ಕೂಲು ಹುಡುಗರು ಆಕಳಿಸುತ್ತಾರೆ. ಗಬ್ಬರ್ ಸಿಂಗ್ ಎಲ್ಲಿದ್ದ ಎಂದು ಕೇಳಿ ನೋಡಿ, ಹಿಂದಿನ ಬೆಂಚಿಗೂ ಜೀವ ಬರುತ್ತದೆ.

ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ಚಿತ್ರೀಕರಣಗೊಂಡ ‘ಶೋಲೆ’ ತೆರೆಗೆ ಬಂದದ್ದು 1975ರಲ್ಲಿ. ಅಲ್ಲಿ ಬಂಡೆಯೆಂದರೆ ಡಕಾಯಿತ ಗಬ್ಬರನ ಅಡ್ಡೆ. ಬಿಸಿಲು, ದೂಳು, ಕುದುರೆ. ಆಮೇಲೆ ಡೇವಿಡ್ ಲೀನ್ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರಕ್ಕೆ ಇದೇ ಸೀಮೆಗೆ ಬಂದರು, ಮಾಗಡಿಯ ಸಾವನದುರ್ಗಕ್ಕೂ ಹೋದರು. ಚಿತ್ರಕ್ಕೆ ಮೂಲವಾದ ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳು ಬೇಕಿತ್ತಲ್ಲ! ಈ ಚಿತ್ರದಲ್ಲಿ ಅದೇ ಕಲ್ಲಿಗೆ ಕತ್ತಲು, ಪ್ರತಿಧ್ವನಿ, ದಿಗಿಲು. ಕಲ್ಲು ವೇಷ ಬದಲಿಸಲಿಲ್ಲ, ಸಂಭಾವನೆಯನ್ನೂ ಕೇಳಲಿಲ್ಲ.

ಇದೇ ಭಾವವನ್ನು ಪೋಸ್ಟರಿನಲ್ಲಿ ಕಲಿಸಲು ಚನ್ನಪಟ್ಟಣದ ಮರದ ಗೊಂಬೆಯೇ ಸಾಕು. ಲೇತಿನಲ್ಲಿ ಗಿರಗಿರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಕೇದಗೆ ಗರಿ ಹಿಡಿದರೆ ಹೊಳಪು. ಹೀಗೆ ಮಾಡಿದ ಒಂದು ಕೆಂಪು ಕುದುರೆಯನ್ನು ಹಳದಿ ಹಿನ್ನೆಲೆಯಲ್ಲಿ ಬರೆಯಿರಿ, ಜಾತ್ರೆಯ ಪೋಸ್ಟರ್. ಹಿನ್ನೆಲೆಗೆ ಕಪ್ಪು ಬಳಿದು, ಕೆಳಗಿನಿಂದ ಬೆಳಕು ಬಿಟ್ಟು, ನೆರಳನ್ನು ಗೋಡೆಯೆತ್ತರ ಎಳೆಯಿರಿ. ಅದೇ ಕುದುರೆಯನ್ನು ಮಗುವಿಗೆ ಕೊಡಲು ಅಜ್ಜಿಯೂ ಹಿಂಜರಿಯುತ್ತಾಳೆ.

ಕತೆ ಬರೆಯಲು ಕೂತರೆ ಮಾತ್ರ ಎಲ್ಲರದೂ ಒಂದೇ ಸಾಮಾನು: ಅಮಾವಾಸ್ಯೆ, ಕಿರ್ರೆನ್ನುವ ಬಾಗಿಲು, ಗೂಬೆ. ಕೊನೆಯ ಬಸ್ಸು ಹೋಯಿತು, ಹೂವಿನವಳು ಉಳಿದ ಮೊಳಕ್ಕೆ ನೀರು ಚಿಮುಕಿಸಿ ಬುಟ್ಟಿ ಮುಚ್ಚಿದಳು ಎಂದು ಬರೆದರೂ ಒಂಟಿತನ ಬರುತ್ತದೆ.

ಮೇಷ್ಟ್ರೇ, ಮುಂದಿನ ಪರೀಕ್ಷೆಯಲ್ಲಿ ಗೂಬೆಯಿಲ್ಲದ ಕತೆಗೆ ಒಂದಂಕ ಹೆಚ್ಚಿಗೆ ಹಾಕಿ.