ಮೊದಲು ಕಾಪಿ, ಆಮೇಲೆ ಕಾಫಿ

ಕೆಟ್ಟ ಡೇಟಾಬೇಸ್ ರಿಪೇರಿ ಮಾಡುವವರಲ್ಲಿ ಎರಡು ಪಂಗಡ. ಬಂದ ಕೂಡಲೇ ತೋಳೇರಿಸಿ ಕೀಬೋರ್ಡಿನ ಮೇಲೆ ಬೀಳುವವರು ಒಂದು. ಅವರು ಕೈಯಾಡಿಸಿ ಹೋದ ಮೇಲೆ ಕರೆಸಿಕೊಳ್ಳುವವರು ಇನ್ನೊಂದು. ನಮ್ಮ ರಿಕವರಿ ರಾಯರು ಎರಡನೆಯ ಪಂಗಡ.

ಫೋನಿನಲ್ಲೇ ಅವರ ಪಥ್ಯ ಶುರು: "ಏನೂ ಮುಟ್ಟಬೇಡಿ ಸಾರ್. ರೀಸ್ಟಾರ್ಟ್ ಬೇಡ. ಯಾರೋ ಹೇಳಿದ ಟೂಲ್ ಬೇಡವೇ ಬೇಡ." ಬರುವಾಗ ಚೀಲದಲ್ಲಿ ಎರಡು ಹಾರ್ಡ್ ಡಿಸ್ಕ್, ಮುಖದಲ್ಲಿ ವೈಕುಂಠ ಸಮಾರಾಧನೆಗೆ ಬಂದ ಪುರೋಹಿತರ ಗಾಂಭೀರ್ಯ. ನಗುವುದು ಅಪರೂಪ, ಬ್ಯಾಕಪ್ ಇದೆ ಅಂದರೆ ಮಾತ್ರ.

ಭಾವನ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ಕೈಕೊಟ್ಟದ್ದು 19ನೇ ತಾರೀಖಿನ ಸಂಜೆ. 20ಕ್ಕೆ ಜಿಎಸ್‌ಟಿ ರಿಟರ್ನ್‌ನ ಕಡೇ ದಿನ. ಕರೆಂಟ್ ಹೋಗಿತ್ತು, ಯುಪಿಎಸ್ ಬ್ಯಾಟರಿ ಅದಕ್ಕೂ ಮೊದಲೇ ಹೋಗಿತ್ತು. ಬಿಲ್ಲಿಂಗಿನ ಹಿಂದಿದ್ದ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್, ಅದು 8 ಕೆಬಿಯ ಪುಟಗಳಲ್ಲಿ ಲೆಕ್ಕ ಇಡುತ್ತದೆ. ಯಾವುದೋ ಪುಟ ಅರ್ಧ ಬರೆದು ನಿಂತುಬಿಟ್ಟಿತ್ತು. ರಾಯರು ಸರ್ವಿಸ್ ನಿಲ್ಲಿಸಿ, ಎಂಡಿಎಫ್, ಎಲ್‌ಡಿಎಫ್ ಎರಡೂ ಫೈಲುಗಳನ್ನು ತಮ್ಮ ಡಿಸ್ಕಿಗೆ ಕಾಪಿ ಹಾಕಿ, ಕೈಕಟ್ಟಿ ಕೂತರು. ಕೂತೇ ಇದ್ದರು. ಅಕ್ಕ ಲೋಟ ತಂದಿಟ್ಟಳು. "ಮೊದಲು ಕಾಪಿ ಅಮ್ಮಾ, ಆಮೇಲೆ ಕಾಫಿ." ಅದನ್ನು ನಾನು ಕುಡಿದೆ, ನನ್ನಿಂದಲೂ ಏನಾದರೂ ಉಪಯೋಗವಾಗಬೇಕಲ್ಲ!

ಬಿ.ಇ. ಮುಗಿಸಿದ ಅಕ್ಕನ ಮಗ ಬಗ್ಗಿ ನೋಡಿದ. "ಅಂಕಲ್, ಈ ಎಲ್‌ಡಿಎಫ್ ಸುಮ್ನೆ ಜಾಗ ತಿಂತಿದೆ, ಡಿಲೀಟ್ ಮಾಡ್ಲಾ?"

ರಾಯರು ಅವನ ಕೈಯನ್ನೇ ಹಿಡಿದುಕೊಂಡರು. "ಕಸ ಅಲ್ಲ ಮರಿ. ಬರೆದು ಮುಗಿಯದ ಲೆಕ್ಕದ ಜಾಡು ಇರೋದು ಅದರಲ್ಲೇ."

ನಾನೂ ಸುಮ್ಮನಿರಲಾರದೆ, ಮೊಬೈಲಿನಲ್ಲಿ ಹುಡುಕಿ, 'ರಿಪೇರ್ ಅಲೌ ಡೇಟಾ ಲಾಸ್' ಅಂತ ಒಂದು ಆಪ್ಷನ್ ಇದೆಯಂತಲ್ಲ ಎಂದೆ.

"ಇದೆ ಸಾರ್. ಕೆಟ್ಟ ಪುಟಾನೇ ಕಿತ್ತು ಹಾಕಬಹುದು. ಆಮೇಲೆ ಡೇಟಾಬೇಸ್ ಚೆನ್ನಾಗಿರುತ್ತೆ, ಬಿಲ್ ಇರಲ್ಲ."

ನಡುರಾತ್ರಿ ಕಾಪಿಯ ಮೇಲೆ ಚೆಕ್‌ಡಿಬಿ ಎಂಬ ತಪಾಸಣೆ ಓಡಿಸಿ, ಗಟ್ಟಿಯಾಗಿದ್ದ ಟೇಬಲ್‌ಗಳನ್ನು ಹೊಸ ಡೇಟಾಬೇಸಿಗೆ ಎಳೆದುಕೊಂಡರು. ಬಾರದ ಬಿಲ್ಲುಗಳನ್ನು ಅಕ್ಕ ಕಾರ್ಬನ್ ಪ್ರತಿ ನೋಡಿ ಟೈಪ್ ಮಾಡಿದಳು. ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು. ಮೂಲ ಫೈಲನ್ನು ಅವರು ಕೊನೆಯವರೆಗೂ ಮುಟ್ಟಲಿಲ್ಲ. ಆಗ ಕಾಫಿ ಕೇಳಿದರು.

"ಬರೀ ಕಾಪಿ ಹೊಡೆದದ್ದಕ್ಕೆ ಇಷ್ಟು ದುಡ್ಡಾ?" ಎಂದರು ಭಾವ. ರಾಯರು ವಾದಿಸಲಿಲ್ಲ. ಅವಸರದವನು ಹಾಳುಮಾಡಿದ್ದು ಕಣ್ಣಿಗೆ ಕಾಣುತ್ತದೆ. ತಾಳ್ಮೆಯವನು ಹಾಳಾಗದಂತೆ ತಡೆದದ್ದು ಯಾರಿಗೂ ಕಾಣುವುದಿಲ್ಲ. ಊರಿನ ಅರ್ಧ ಒಳ್ಳೆಯ ಕೆಲಸಗಳ ಪಾಡೂ ಇಷ್ಟೇ ಇರಬೇಕು.

ಹೊರಡುವಾಗ ಎಂದಿನಂತೆ ಉಪದೇಶ: ದಿನಾ ಬ್ಯಾಕಪ್ ತೆಗೀರಿ, ಆಗಾಗ ರಿಸ್ಟೋರ್ ಮಾಡಿ ನೋಡಿ. ಎಲ್ಲರೂ ಈ ಮಾತು ಕೇಳಿಬಿಟ್ಟರೆ ರಾಯರ ಸಂಸಾರ ನಡೆಯುವುದು ಕಷ್ಟ. ಹೇಳದಿದ್ದರೆ ಅವರಿಗೆ ನಿದ್ದೆ ಬಾರದು. ಅವರ ಪುಣ್ಯ, ಭಾವ ಮಾತು ಕೇಳಿದ್ದಾರೆ. ಈಗ ದಿನಾ ರಾತ್ರಿ ತಪ್ಪದೆ ಬ್ಯಾಕಪ್ ತೆಗೆಯುತ್ತಾರೆ, ಅದೇ ಕಂಪ್ಯೂಟರಿನ ಡಿ ಡ್ರೈವಿಗೆ.