ಎಸ್ ಮೇಷ್ಟ್ರು

ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಪ್ರತಿ ಬಡಾವಣೆಯಲ್ಲೂ ಇದ್ದೇ ಇರುತ್ತಾರೆ. ನಮ್ಮವರಿಗೆ ಬೀದಿ ಇಟ್ಟ ಹೆಸರು ಎಸ್ ಮೇಷ್ಟ್ರು. ನೌಕರಿ ಮುಗಿದರೂ ಕೆಂಪು ಪೆನ್ನು ಜೇಬು ಬಿಟ್ಟಿಲ್ಲ. ಹಿ, ಶಿ, ಇಟ್ ಬಂದರೆ ಸಿಂಪಲ್ ಪ್ರೆಸೆಂಟಿನಲ್ಲಿ ಕ್ರಿಯಾಪದಕ್ಕೆ ಎಸ್ ಹತ್ತಲೇಬೇಕು. ಅವರ ಧರ್ಮಶಾಸ್ತ್ರ ಅಷ್ಟೇ.

ವಾಕಿಂಗಿನಲ್ಲಿ ಸಿಕ್ಕವರು ‘ಮೈ ಸನ್ ವರ್ಕ್ ಇನ್ ಅಮೆರಿಕಾ’ ಎಂದರೆ ಮಗ ಹೇಗಿದ್ದಾನೆಂದು ಕೇಳುವುದಿಲ್ಲ, ‘ವರ್ಕ್ಸ್’ ಎಂದು ನಿಂತುಬಿಡುತ್ತಾರೆ. ಆತ ಗಾಬರಿಯಾಗಿ, ‘ನಿಜ ಹೇಳ್ಬೇಕು ಅಂದ್ರೆ ಕೆಲಸ ಹೋಗಿದೆ ಸಾರ್’ ಎಂದು ಪಿಸುಗುಟ್ಟಿದರೆ, ‘ಹಾಗಾದ್ರೆ ವರ್ಕ್ಡ್’ ಎಂದು ತಿದ್ದಿ ಮುಂದೆ ನಡೆಯುತ್ತಾರೆ.

ಇವರಿಗೆ ಹೆದರಿದ ಹುಡುಗರು ಕಂಡಕಂಡಲ್ಲಿ ಎಸ್ ಸುರಿಯುತ್ತಾರೆ: ‘ಹಿ ಡಸ್ ನಾಟ್ ಗೋಸ್’. ಆಗ ಇನ್ನೊಂದು ರಾಮಾಯಣ. ‘ಡೂ ಬಂದು ಎಸ್ ಇಸ್ಕೊಂಡು ಹೋಯ್ತಲ್ಲೋ, ಗೋಗೆ ಎಲ್ಲಿಂದ ತರ್ತೀಯ?’

ಹುಡುಗರನ್ನು ಬೈದು ಫಲವಿಲ್ಲ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ – ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಕನ್ನಡದಲ್ಲಿ ಒಂದನ್ನೂ ತಪ್ಪುವುದಿಲ್ಲ. ಇಷ್ಟು ದೊಡ್ಡ ಸಂಸಾರ ತೂಗಿಸುವವರು ಇಂಗ್ಲಿಷಿನ ಒಂಟಿ ಎಸ್ ಎದುರು ಎಡವುವುದೇಕೆ? ಪಕ್ಕದ ಮನೆಯ ಹುಡುಗನ ಹತ್ತಿರ ಉತ್ತರವಿತ್ತು. ಅವನ ನೋಟ್‌ಬುಕ್ಕಿನ ‘ಮೈ ಫಾದರ್ ಗೋ ಟು ಆಫೀಸ್’ ನೋಡಿ ಮೇಷ್ಟ್ರು ಹಾಳೆ ಹರಿಯುವಂತೆ ಗೋ ಸುತ್ತ ಕೆಂಪು ಸುತ್ತು ಹಾಕಿದ್ದರು.

‘ಅಪ್ಪ ಹೋಗ್ತಾನೆ ಅಂತೀವಾ ಸಾರ್? ಹೋಗ್ತಾರೆ ತಾನೇ? ಬಹುವಚನಕ್ಕೆ ಎಸ್ ಬೇಡ ಅಂತ ನೀವೇ ಹೇಳಿದ್ರಿ.’

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ‘ಇಂಗ್ಲಿಷ್‌ನಲ್ಲಿ ಅಪ್ಪಾನೂ ಏಕವಚನವೇ ಕಣೋ.’

‘ಅದಕ್ಕೇ ಸಾರ್ ಇಂಗ್ಲಿಷರನ್ನ ಓಡಿಸಿದ್ದು!’

ಇಂಗ್ಲೆಂಡಿನಲ್ಲಿರುವ ಮೇಷ್ಟ್ರ ಅಳಿಯನೂ ಆ ಹುಡುಗನ ಕಡೆಗೇ. ಎಸ್ ಮೂಲತಃ ಉತ್ತರ ಇಂಗ್ಲೆಂಡಿನ ಆಡುಮಾತಿನಿಂದ ಬಂದದ್ದಂತೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ‘ಗೋಸ್’ ಬದಲು ‘ಗೋಯೆತ್’ ಇದೆಯಂತೆ. ಫೋನಿನಲ್ಲಿ ಇದನ್ನು ಕೇಳಿದ ಮೇಷ್ಟ್ರು ಬೈಬಲ್ಲಿಗೆ ಹೇಗೋ ವಿನಾಯಿತಿ ಕೊಟ್ಟರು. ಆದರೆ ನಾರ್ಫೋಕ್ ಕಡೆಯ ಹಳ್ಳಿಗರ ಬಾಯಲ್ಲಿ ಈಗಲೂ ‘ಶಿ ಗೋ’ ಕೇಳಸಿಗುತ್ತದೆ, ಅವರೂ ಅಪ್ಪಟ ಇಂಗ್ಲಿಷರೇ ಎಂದಾಗ ಮಾತ್ರ ತಡೆಯಲಾಗಲಿಲ್ಲ.

‘ಅಲ್ಲಿನ ವಿಳಾಸ ತಿಳ್ಕೊಳ್ಳಿ ಅಳಿಯಂದ್ರೇ. ಒಂದು ರೆನ್ ಅಂಡ್ ಮಾರ್ಟಿನ್ ಗ್ರಾಮರ್ ಪುಸ್ತಕ ಕಳಿಸೋಣ.’