ಐವತ್ತು ಪರ್ಸೆಂಟಿನ ಸಾಹೇಬರು

ಬೀದರಿನ ಚಿದ್ರಿ ರಸ್ತೆಯಲ್ಲಿ ನಜ್ಜುಗುಜ್ಜಾದ ಕಾರಿನ ಪಕ್ಕದಲ್ಲಾಗಲಿ, ಭಾಲ್ಕಿಯ ಗ್ಯಾರೇಜಿನಲ್ಲಾಗಲಿ, ಔರಾದಿನಲ್ಲಿ ಸುಟ್ಟ ಕಿರಾಣಿ ಅಂಗಡಿಯ ಮುಂದಾಗಲಿ ಇವರನ್ನು ಗುರುತಿಸುವುದು ಕಷ್ಟವಲ್ಲ. ಸುತ್ತ ನೆರೆದವರೆಲ್ಲ ಹಾಳಾದದ್ದರ ಕಡೆ ಕೈ ತೋರಿಸುತ್ತಿದ್ದರೆ ಇವರೊಬ್ಬರೇ ಉಳಿದದ್ದರ ಫೋಟೊ ತೆಗೆಯುತ್ತಿರುತ್ತಾರೆ. ಉಳಿದವರು ‘ಜೀವ ಉಳೀತಲ್ರಿ, ಅದೇ ದೊಡ್ಡದು’ ಎಂದರೆ ಇವರು ‘ಡ್ರೈವರ್ ಲೈಸೆನ್ಸ್ ತೋರಸ್ರಿ’ ಎನ್ನುತ್ತಾರೆ. ಇವರೇ ಇನ್ಶೂರೆನ್ಸ್ ಸರ್ವೇಯರ್ ಸಾಹೇಬರು. ನುಕ್ಸಾನಿ ಆದವನ ಪ್ರಕಾರ ಇವರು ಪಕ್ಕಾ ಕಂಪನಿಯ ಮನುಷ್ಯ. ಕಂಪನಿಯ ಗುಮಾನಿಯ ಪ್ರಕಾರ ಊರಿನವರ ಮನುಷ್ಯ, ಗ್ಯಾರೇಜಿನವನ ದೋಸ್ತ್. ಎರಡೂ ಕಡೆಯ ಬೈಗುಳ ಒಬ್ಬನ ಮೇಲೆಯೇ ಬೀಳುವುದು ಅವನ ದುರದೃಷ್ಟವೆಂದು ಜನ ತಿಳಿಯುತ್ತಾರೆ. ನನ್ನ ವಾದ ಬೇರೆ: ಎರಡೂ ಕಡೆಯವರಿಗೆ ಬೇಡವಾದ ಇಂಥ ಪ್ರಾಣಿಯೊಂದನ್ನು ತಯಾರಿಸಲೆಂದೇ ಕಾನೂನು ಲೈಸೆನ್ಸ್ ಎಂಬ ಏರ್ಪಾಟು ಮಾಡಿದೆ.

ತಯಾರಿಕೆಯ ಕ್ರಮವನ್ನೇ ನೋಡಿ. 1938ರ ವಿಮಾ ಕಾಯ್ದೆಯ 64ಯುಎಂ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದವನು ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಎಂಜಿನಿಯರಿಂಗೋ ಲೆಕ್ಕಪರಿಶೋಧನೆಯೋ ಅಂಥದ್ದೇನಾದರೂ ಓದಿರಬೇಕು. ಮೇಲೆ ಹಿರಿಯ ಸರ್ವೇಯರ್ ಒಬ್ಬರ ಹಿಂದೆ ಒಂದು ವರ್ಷ ಟೇಪು ಹಿಡಿದು ತಿರುಗಬೇಕು, ಪರೀಕ್ಷೆ ಪಾಸಾಗಬೇಕು, ಸರ್ವೇಯರುಗಳ ಸಂಸ್ಥೆಯ ಸದಸ್ಯತ್ವ ಪಡೆಯಬೇಕು. ಇಷ್ಟಾದ ಮೇಲೆ ಸಿಗುವ ಲೈಸೆನ್ಸಿನ ಆಯುಷ್ಯ ಮೂರೇ ವರ್ಷ. ಡ್ರೈವರನ ಲೈಸೆನ್ಸ್ ಅಪಘಾತದ ಹಿಂದಿನ ದಿನ ಮುಗಿದಿತ್ತೇ ಎಂದು ಕನ್ನಡಕ ಏರಿಸಿ ನೋಡುವ ಸಾಹೇಬರು ತಮ್ಮದರ ಕೊನೆಯ ತಾರೀಖನ್ನೂ ಮರೆಯುವಂತಿಲ್ಲ. ಅದನ್ನು ಕೊಡುವ ಪ್ರಾಧಿಕಾರ ಇರುವುದು ಹೈದರಾಬಾದಿನಲ್ಲಿ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು, 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು. ಆದರೆ ಬೀದರಿನ ಸರ್ವೇಯರ್ ಮಟ್ಟಿಗೆ ಫರ್ಮಾನು ಇವತ್ತಿಗೂ ಹೈದರಾಬಾದಿನಿಂದಲೇ ಬರುತ್ತದೆ. ಬೆಂಕಿ, ಮೋಟಾರು, ಎಂಜಿನಿಯರಿಂಗ್ ಎಂದು ಯಾವ ಯಾವ ಬಾಬತ್ತಿಗೆ ಅವರು ಅರ್ಹರೆಂಬುದನ್ನೂ ಅದರಲ್ಲಿ ಬರೆದಿರುತ್ತದೆ. ಸಮುದ್ರವನ್ನೇ ಕಾಣದ ಜಿಲ್ಲೆಯಲ್ಲಿ ‘ಮೆರೈನ್ ಕಾರ್ಗೊ’ ಲೈಸೆನ್ಸ್ ಹಿಡಿದವರೂ ಸಿಗಬಹುದು. ನಗಬೇಡಿ, ಭಾಲ್ಕಿಯಿಂದ ಲಾತೂರಿಗೆ ಹೊರಟ ಸೋಯಾ ಲಾರಿ ಹಳ್ಳಕ್ಕೆ ಉರುಳಿದರೂ ವಿಮೆಯ ಲೆಕ್ಕದಲ್ಲಿ ಅದು ಮೆರೈನೇ.

ಇವರ ಜುಗ್ಗತನವಂತೂ ಜಗಜ್ಜಾಹೀರು. ಬಂಪರ್ ಒಡೆಯಿತೇ? ಪ್ಲಾಸ್ಟಿಕ್, ಐವತ್ತು ಪರ್ಸೆಂಟ್ ಕಟ್. ಟಯರ್, ಬ್ಯಾಟರಿ? ಐವತ್ತು. ಫೈಬರ್ ಆದರೆ ಮೂವತ್ತು. ಕಬ್ಬಿಣದ ಭಾಗಕ್ಕೆ ಗಾಡಿಯ ವಯಸ್ಸು ನೋಡಿ ಕಡಿತ: ಆರು ತಿಂಗಳೊಳಗೆ ಏನೂ ಇಲ್ಲ, ಎರಡನೆಯ ವರ್ಷ ಹತ್ತು, ಐದು ದಾಟಿದರೆ ನಲವತ್ತು, ಹತ್ತು ದಾಟಿದರೆ ಮತ್ತೆ ಐವತ್ತು. ಗಾಜಿಗೆ ಮಾತ್ರ ಪೂರ್ತಿ ದುಡ್ಡು. ಸಾಹೇಬರು ಉದಾರಿಯಾಗಿ ಕಾಣುವ ಏಕೈಕ ಕ್ಷಣ ಅದು. ಅಸಲಿಗೆ ಔದಾರ್ಯವೂ ಅವರದಲ್ಲ, ಜುಗ್ಗತನವೂ ಅವರದಲ್ಲ. ಎರಡೂ ಕಡಿತದ ಕೋಷ್ಟಕದ್ದು. ಔರಾದಿನ ಅಂಗಡಿಯವನು ಹತ್ತು ಲಕ್ಷದ ಮಾಲಿಗೆ ಐದು ಲಕ್ಷದ ಪಾಲಿಸಿ ಮಾಡಿಸಿ, ಎರಡು ಲಕ್ಷದ ಮಾಲು ಸುಟ್ಟರೆ ‘ಐದು ಲಕ್ಷದೊಳಗೇ ಅದಲ್ರಿ, ಪೂರಾ ಕೊಡ್ರಿ’ ಎನ್ನುತ್ತಾನೆ. ಸಾಹೇಬರು ಒಂದು ಲಕ್ಷ ಬರೆಯುತ್ತಾರೆ. ಅರ್ಧ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮಾ ಕಂಪನಿ ಎಂಬ ಈ ಸರಾಸರಿಯ ತತ್ತ್ವವನ್ನು ಬೂದಿಯ ಮುಂದೆ ನಿಂತು ವಿವರಿಸಿ ಬೈಸಿಕೊಳ್ಳದೆ ಬಂದ ಸರ್ವೇಯರ್ ಇನ್ನೂ ಹುಟ್ಟಿರಲಾರ.

ಈ ವೃತ್ತಿಬುದ್ಧಿಗೆ ಬೀದರಿನಲ್ಲೇ ಒಂದು ಪರೀಕ್ಷೆ ಒಡ್ಡಬಹುದು. 1472ರ ಮಹಮೂದ್ ಗವಾನನ ಮದರಸಾ ಔರಂಗಜೇಬನ ಕಾಲದಲ್ಲಿ ಭಾಗಶಃ ಸಿಡಿದುಹೋಯಿತು. ಒಳಗಿಟ್ಟಿದ್ದ ಮದ್ದು ಸ್ಫೋಟಿಸಿತು ಎನ್ನುತ್ತಾರೆ, ಸಿಡಿಲು ಬಡಿದು ಹೊತ್ತಿತು ಎಂಬ ಮಾತೂ ಇದೆ. ಪ್ರವಾಸಿಗರು ಉಳಿದೊಂದು ಮಿನಾರಿನ ನೀಲಿ ಹೆಂಚು ನೋಡಿ ನಿಟ್ಟುಸಿರು ಬಿಡುತ್ತಾರೆ. ಸಾಹೇಬರಿಗೆ ಹುಟ್ಟುವುದು ಬೇರೆಯೇ ಪ್ರಶ್ನೆ. ಸಿಡಿಲೂ ಸ್ಫೋಟವೂ ಬೆಂಕಿ ಪಾಲಿಸಿಯೊಳಗೇ ಬರುತ್ತವೆ, ಸರಿ. ಪಾಠಶಾಲೆ ಎಂದು ಬರೆಸಿದ ಕಟ್ಟಡದಲ್ಲಿ ಮದ್ದಿನ ದಾಸ್ತಾನು ಹೇಗೆ ಬಂತು? ಬಳಕೆ ಬದಲಾದದ್ದನ್ನು ಕಂಪನಿಗೆ ಲಿಖಿತವಾಗಿ ತಿಳಿಸಿದ್ದೀರಾ, ಆಲಂಪನಾಹ್? ಬಾದಶಹನ ಕ್ಲೇಮು ಅಲ್ಲಿಗೆ ಖಲಾಸ್. ಈ ಪ್ರಶ್ನೆ ಕೇಳಲು ಧೈರ್ಯ ಬೇಕಿಲ್ಲ, ಎದುರಿನವನು ಯಾರೆಂದು ಮರೆಯುವ ಅಭ್ಯಾಸವಿದ್ದರೆ ಸಾಕು.

‘ಆದರೂ ಫೀಸು ಕೊಡೋದು ಕಂಪನೀನೇ ಅಲ್ಲೇನ್ರಿ’ ಎನ್ನುವವರಿದ್ದಾರೆ. ಈ ಆಕ್ಷೇಪ ಹಗುರವಲ್ಲ. ನೇಮಿಸುವವರೂ ದುಡ್ಡು ಕೊಡುವವರೂ ಒಬ್ಬರೇ ಆದಾಗ ಮುಂದಿನ ಕೆಲಸದ ಆಸೆ ಪೆನ್ನಿನ ತುದಿಗೆ ಬಂದು ಕೂರುವುದು ಮನುಷ್ಯ ಸಹಜ. ಆದರೆ ಲೈಸೆನ್ಸ್ ಕಸಿಯುವ ಕೈ ಕಂಪನಿಯದಲ್ಲ. ವರದಿ ಕೊಡಲು ವಾಯಿದೆ ಇದೆ, ಕೇಳಿದರೆ ಅದರ ಪ್ರತಿ ಪಾಲಿಸಿದಾರನಿಗೂ ಸಿಗುತ್ತದೆ. ಮೊದಲ ವರದಿ ರುಚಿಸದಿದ್ದರೆ ಬೇಕಾದಂತೆ ಬರೆಯುವವನು ಸಿಗುವ ತನಕ ಹೊಸ ಹೊಸ ಸರ್ವೇಯರುಗಳನ್ನು ನೇಮಿಸುತ್ತಾ ಹೋಗುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಗಳಿಗೆ ಹೇಳಿತು. ಅದೇ ವರ್ಷ ಮತ್ತೊಂದು ಪ್ರಕರಣದಲ್ಲಿ ಸರ್ವೇಯರ್ ವರದಿ ವೇದವಾಕ್ಯವೇನಲ್ಲ ಎಂದೂ ಹೇಳಿತು. ಹೀಗೆ ಒಂದು ಕೈಯಲ್ಲಿ ಮರ್ಯಾದೆ ಕೊಟ್ಟು ಇನ್ನೊಂದು ಕೈಯಲ್ಲಿ ಇಳಿಸಿದ್ದು ಸಾಹೇಬರಿಗೆ ರೂಢಿಯೇ ಆಗಿರಬೇಕು. ಕೋಷ್ಟಕವೇ ಎಲ್ಲ ಆದರೆ ಮೊಬೈಲ್ ಆ್ಯಪ್ ಸಾಲದೇ ಎಂಬುದು ಇನ್ನೊಂದು ತಕರಾರು. 2015ರ ನಿಯಮಗಳೇ ಮೋಟಾರಿನಲ್ಲಿ ಐವತ್ತು ಸಾವಿರ, ಬೇರೆಯದರಲ್ಲಿ ಒಂದು ಲಕ್ಷದ ಒಳಗಿನ ನಷ್ಟಕ್ಕೆ ಸರ್ವೇಯರ್ ಕಡ್ಡಾಯವಲ್ಲ ಎಂದಿವೆ. ಅದರಾಚೆಗೆ, ಹಳೆಯ ನೆಗ್ಗನ್ನು ಈ ಅಪಘಾತದ ಖಾತೆಗೆ ಜಮಾ ಮಾಡಿದ್ದಾರೋ ಎಂದು ತುಕ್ಕು ಕೆರೆದು ನೋಡುವ ಉಗುರು ಆ್ಯಪಿಗೆ ಇನ್ನೂ ಬೆಳೆದಿಲ್ಲ.

ಇಷ್ಟೆಲ್ಲ ಅಧಿಕಾರವಿದ್ದವರು ಈ ಜಿಲ್ಲೆಯ ಅತಿ ದೊಡ್ಡ ನುಕ್ಸಾನಿಯ ಮುಂದೆ ಮಾತ್ರ ಬರಿಗೈ. ತೊಗರಿ, ಸೋಯಾ, ಉದ್ದು ನೀರಲ್ಲಿ ನಿಂತಾಗ ಔರಾದಿನ ರೈತ ಗ್ಯಾರೇಜಿಗೆ ಬಂದ ಮೋಟಾರು ಸರ್ವೇಯರನನ್ನೇ ತಡೆದು ‘ಹೊಲಕ್ಕ ಬರ್ರಿ’ ಎಂದರೆ ಅವರು ಹೋಗುವಂತಿಲ್ಲ. ಬೆಳೆ ವಿಮೆಯ ಫಸಲ್ ಬಿಮಾದಲ್ಲಿ ಇಡೀ ಪ್ರದೇಶದ ಇಳುವರಿ ನಷ್ಟವನ್ನು ಮುಖ್ಯವಾಗಿ ಬೆಳೆ ಕಟಾವು ಪ್ರಯೋಗದ ಸರಾಸರಿ ತೀರ್ಮಾನಿಸುತ್ತದೆ. ಆಲಿಕಲ್ಲೋ ನೆರೆಯೋ ಒಬ್ಬನ ಹೊಲವನ್ನು ಹಾಳುಮಾಡಿದರೆ ನೋಡಲು ಬೇರೆ ತಂಡವೇ ಬರಬೇಕು. ತಮ್ಮ ಫರ್ಮಾನಿನಲ್ಲಿ ಬರೆಯದ ಬಾಬತ್ತಿಗೆ ಸಾಹೇಬರು ಅಂದಾಜಿನ ಮಾತನ್ನೂ ಆಡರು. ಹೆಚ್ಚೆಂದರೆ ಗಡಿಯಾರ ನೋಡಿ, ಮಳೆ ಯಾವತ್ತು ಆಯಿತೆಂದು ಕೇಳಿ, ‘72 ತಾಸಿನೊಳಗ ಫೋನ್ ಮಾಡಿ ತಿಳಸ್ರಿ, ನಂಬರ್ ಬರ್ಕೊಳ್ರಿ’ ಎಂದು ಹೇಳಿ ಮತ್ತೆ ಬಂಪರಿನ ಕಡೆ ತಿರುಗುತ್ತಾರೆ.